ಮೂರನೆಯ ಬೋಗುಣಿಯ ನೀರು

ಮೂರು ದಿನ ನೆನೆದ ಗೋಧಿಯ ಹುಳಿ ವಾಸನೆ ಎಲ್ಲಿ ಬಂದರೂ ನನಗೆ ಕಬ್ಬಿಣ ನೆನಪಾಗುತ್ತದೆ. ಹೋದ ಬೇಸಿಗೆಯಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಆ ವಾಸನೆ ಬಂತು. ಕೈಯಲ್ಲಿ ತರಕಾರಿ ಚೀಲ ಹಿಡಿದು ಎರಡನೆಯ ಮಹಡಿಯಲ್ಲೇ ನಿಂತುಬಿಟ್ಟೆ. ನಮ್ಮ ಕಡೆಯವರು ಯಾರೋ ಕುರಡಗಿ ಸಂಡಿಗೆಗೆ ಗೋಧಿ ನೆನೆಹಾಕಿದ್ದಾರೆ, ನಾಳೆ ರುಬ್ಬಿ ಹಾಲು ತೆಗೆಯುತ್ತಾರೆ, ನಾಡಿದ್ದು ಕುದಿಸಿ ಒತ್ತಿ ಬಿಸಿಲಿಗಿಡುತ್ತಾರೆ ಎಂದು ಮೂಗೇ ಹೇಳಿತು. ಆದರೆ ಬಾಯಲ್ಲಿ ಸಂಡಿಗೆಯ ರುಚಿ ಬರಲಿಲ್ಲ. ಬಂದದ್ದು ಸೀಮೆಎಣ್ಣೆ, ತಿಕ್ಕಿದ ಕಬ್ಬಿಣ, ಅವ್ವನ ಸೆರಗಿನ ಬೆವರು. ಅವುಗಳ ಬೆನ್ನಿಗೇ, ಇಷ್ಟು ವರ್ಷವಾದರೂ ಆರದ ಸಿಟ್ಟು. ಆ ಸಿಟ್ಟು ಯಾರ ಪಾಲಿಗೆ ಎಷ್ಟು ಎಂದು ನೋಡಲು ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ. ನಿಮ್ಮ ಮನೆಯಿಂದಲೂ ಮನೆಯವರೇ ಕೈಯಾರೆ ಮಾಡಿದ ವಸ್ತುವೊಂದು ಎದ್ದು ಹೋಗಿದ್ದರೆ, ಈ ಜಾಗರೂಕತೆ ಯಾಕೆಂದು ನಿಮಗೆ ಗೊತ್ತಾಗುತ್ತದೆ.

ನಾವಿದ್ದದ್ದು ಹೈದರಾಬಾದಿನಲ್ಲಿ, ಬೇಗಂಪೇಟೆಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಹಾದುಹೋಗುವ ಕಡೆ, ಒಂದು ಸರಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡಿನ ಮಾಡಿನ ಪಡಸಾಲೆ. ಅಪ್ಪ ಕೊಪ್ಪಳದ ಕಡೆಯವರು, ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್. ಅವ್ವನ ಹೆಸರು ಗಂಗವ್ವ. ಬೀದಿಗೆ ಇಳಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಕನ್ನಡ. ವಿಮಾನ ಬಂದಾಗ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೂ ನಿಲ್ಲಿಸಬೇಕಾಗಿತ್ತು. ವಿಮಾನ ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮಾತು ಮುಂದುವರಿಯುತ್ತಿತ್ತು. ಆ ಹೊತ್ತಿಗಾಗಲೇ ಮಾಧಾಪುರದ ಕಡೆ ಬಂಡೆ ಸಿಡಿಸುತ್ತಿದ್ದರು. ಮಧ್ಯಾಹ್ನ ದೂರದಲ್ಲಿ ಒಂದು ಗುಮ್ಮೆನ್ನುವ ಸದ್ದು, ಆಮೇಲೆ ನಮ್ಮ ಅಡುಗೆಮನೆಯ ತಾಟುಗಳ ಸಣ್ಣ ನಡುಕ. ಊರು ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನಮಗೆ ಆ ಬೆಳವಣಿಗೆ ತಾಟುಗಳ ಮೂಲಕ ತಿಳಿಯುತ್ತಿತ್ತು.

ಒಂದು ಭಾನುವಾರ ಅಪ್ಪ ಮರದ ಪೆಟ್ಟಿಗೆಯೊಂದನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಬಂದರು. ನಿವೃತ್ತರಾಗಿ ಊರಿಗೆ ಹೊರಟಿದ್ದ ಹಿರಿಯ ಎಂಜಿನಿಯರರೊಬ್ಬರು ಯಾವ ಕಾಲದಲ್ಲೋ ವಿದೇಶದಿಂದ ತರಿಸಿ, ಕೈಹಾಕಲು ಪುರುಸೊತ್ತಾಗದೆ ಇಟ್ಟುಕೊಂಡಿದ್ದ ಕಿಟ್ ಅದು. 'ನನ್ನಿಂದ ಆಗಲಿಲ್ಲ, ನಿನ್ನಿಂದ ಆಗುತ್ತದೆ' ಎಂದು ಕೊಟ್ಟರಂತೆ. ಒಳಗೆ ಒಣಹುಲ್ಲಿನ ನಡುವೆ ಎರಕದ ಹಸಿ ತುಂಡುಗಳಿದ್ದವು. ಮೂಲೆಗಳಲ್ಲಿ ಇನ್ನೂ ಮರಳು ಅಂಟಿಕೊಂಡ ಒಂದು ಸಿಲಿಂಡರ್, ಒಂದು ಗಾಲಿ, ಕೂರಿಸುವ ಪೀಠ, ಹಿತ್ತಾಳೆಯ ಕೆಲವು ಗಟ್ಟಿಗಳು. ಎಲ್ಲಕ್ಕೂ ಮೇಲೆ ಎಂಟು ಮಡಿಕೆಯ ಒಂದು ನಕಾಶೆ. ಅದರಲ್ಲಿ ಒಂದೂ ಎಂಜಿನ್ನಿನಂತೆ ಕಾಣುತ್ತಿರಲಿಲ್ಲ. ಅವ್ವ ಸಿಲಿಂಡರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಇದೇನ್ರಿ, ಸುಟ್ಟ ಬದನಿಕಾಯಿ ಇದ್ದಂಗ ಐತಿ."

"ಎಂಜಿನ್ನ ಅದು. ಬಿಸಿಗಾಳಿ ಎಂಜಿನ್. ನೀರಿಲ್ಲ, ಉಗಿ ಇಲ್ಲ, ಪೆಟ್ರೋಲ್ ಇಲ್ಲ. ಕೆಳಗೊಂದು ಸಣ್ಣ ದೀಪ ಹಚ್ಚಿದ್ರ ಒಳಗಿನ ಗಾಳಿ ಹಿಗ್ಗಿ ಕುಗ್ಗಿ ಗಾಲಿ ತಿರುಗತೈತಿ."

"ತಿರುಗಿ ಏನ್ ಮಾಡತೈತಿ?"

ಅಪ್ಪ ಒಣಹುಲ್ಲಿನಿಂದ ಗಾಲಿಯನ್ನು ಎತ್ತಿದರು. "ಏನೂ ಮಾಡಂಗಿಲ್ಲ. ತಿರುಗತೈತಿ ಅಷ್ಟ."

"ಹಂಗಾರ ನಿಮ್ಮ ತಮ್ಮನ ಇದ್ದಂಗಾತು" ಎಂದಳು ಅವ್ವ. ಅಪ್ಪ ನಕ್ಕದ್ದು ನನಗೆ ಈಗಲೂ ಕಾಣುತ್ತದೆ. ಹಲ್ಲು ಕಾಣದಂತೆ, ಭುಜ ಮಾತ್ರ ಕುಲುಕಿಸಿ ನಗುತ್ತಿದ್ದರು.

ಸಿಲಿಂಡರಿನ ಒಳಗನ್ನು ಲೇಥಿನ ಮೇಲೆ ಕೊರೆದುಕೊಟ್ಟವರು ಯೂಸುಫ್ ಚಾಚಾ. ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಅವರದೊಂದು ಶೆಡ್ಡಿತ್ತು. ಅಲ್ಲಿಂದ ಬಂದ ಮೇಲೆ ಉಳಿದದ್ದು ಕೈಕೆಲಸ. ಕೊರೆದ ಸಿಲಿಂಡರೂ ಅದರೊಳಗೆ ಓಡಾಡುವ ಪಿಸ್ಟನ್ನೂ ಒಂದಕ್ಕೊಂದು ಹೇಗೆ ಹೊಂದಬೇಕೆಂದರೆ, ಪಿಸ್ಟನ್ ತನ್ನ ಭಾರಕ್ಕೇ ಜಾರಬೇಕು, ಆದರೆ ನಡುವೆ ಗಾಳಿ ನುಸುಳಬಾರದು. ಈ ಬಗೆಯ ಎಂಜಿನ್ನಿನ ಜೀವ ಇರುವುದು ಅಲ್ಲೇ. ಅದನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ. ಎಮರಿ ಎಂಬ ಕಪ್ಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ನಡುವೆ ಸೀಳಿದ ಹಿತ್ತಾಳೆಯ ಕೋಲಿಗೆ ಸವರಿ, ಸಿಲಿಂಡರಿನೊಳಗೆ ತಿರುವುತ್ತ ಹಿಂದೆ ಮುಂದೆ ಆಡಿಸಬೇಕು. ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿನಷ್ಟನ್ನು ವಾರಗಟ್ಟಲೆ ಸವೆಸಬೇಕು. ಅಪ್ಪನಿಗೆ ಅದು ಬರಲಿಲ್ಲ. ಇಪ್ಪತ್ತು ವರ್ಷ ಉಕ್ಕಿನೊಡನೆ ಗುದ್ದಾಡಿದ ಕೈ ಅವರದು. ಒತ್ತುವುದು ಅದಕ್ಕೆ ಗೊತ್ತಿತ್ತು, ಒತ್ತದಿರುವುದು ಗೊತ್ತಿರಲಿಲ್ಲ. ಮೊದಲ ಪಿಸ್ಟನ್ ಕೆಟ್ಟಿತು. ಯೂಸುಫ್ ಚಾಚಾ ಎರಡನೆಯದನ್ನು ಕಡೆದುಕೊಟ್ಟು ಹೇಳಿದರು: "ಅರೇ ಮಿಯಾಂ, ತುಮಾರಾ ಹಾತ್ ಹೈ ಕಿ ಹಥೋಡಾ? ನಕ್ಕೋ, ತುಮ್ ಛೋಡೋ."

ಇದು ಕೈಯೋ ಸುತ್ತಿಗೆಯೋ, ಬಿಟ್ಟುಬಿಡಿ ಎಂದರು, ಅಪ್ಪ ಬಿಡಲಿಲ್ಲ. ಆದರೆ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಎಮರಿಯನ್ನು ಬೈಯುತ್ತಿದ್ದರು. ಪುಡಿ ಒಂದೇ ಸಮನಾಗಿಲ್ಲ, ನಡುವೆ ದಪ್ಪ ಕಾಳು ಬಂದು ಗೀರು ಬೀಳುತ್ತಿದೆ ಎಂಬುದು ಅವರ ತಕರಾರು. ಪಕ್ಕದಲ್ಲೇ ಅವ್ವ ಗೋಧಿ ರುಬ್ಬಿ ಹಾಲು ಇಳಿಯಲು ಇಟ್ಟಿದ್ದಳು. ಕೈ ಒರೆಸಿಕೊಂಡು ಎದ್ದು ಬಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಇದನ್ನೂ ನೀರಾಗ ಹಾಕಿ ಇಳಿಸಬೇಕ್ರಿ" ಎಂದಳು. ಅಷ್ಟೇ. ಮರುದಿನ ಬೇಗಂ ಬಜಾರಿಗೆ ಹೋಗಿ ಒಂದೇ ಅಳತೆಯ ಮೂರು ಬೋಗುಣಿ ತಂದಳು. ಮೊದಲನೆಯದರಲ್ಲಿ ಪುಡಿ ಹಾಕಿ ನೀರು ತುಂಬಿ ಕಲಕಿದಳು. ನೂರು ಎಣಿಸುವಷ್ಟು ಹೊತ್ತು ಬಿಟ್ಟಳು. ದಪ್ಪದ್ದು ತಳಕ್ಕಿಳಿದ ಮೇಲೆ, ಮೇಲಿನ ಕಪ್ಪು ನೀರನ್ನು ಅಲ್ಲಾಡಿಸದೆ ಎರಡನೆಯದಕ್ಕೆ ಬಗ್ಗಿಸಿದಳು. ಅಲ್ಲಿ ಅರ್ಧ ತಾಸು. ಮತ್ತೆ ಮೇಲಿನದು ಮೂರನೆಯದಕ್ಕೆ. ಆ ಮೂರನೆಯ ಬೋಗುಣಿಯ ನೀರು ತಿಳಿಯಾಗಲು ಒಂದು ಹಗಲು ಒಂದು ರಾತ್ರಿ ಬೇಕಾಗುತ್ತಿತ್ತು. ತಿಳಿ ಚೆಲ್ಲಿದರೆ ತಳದಲ್ಲಿ ಕಾಡಿಗೆಯಂಥ ಒಂದು ಪದರ. ಬೆರಳಿಗೆ ಪುಡಿ ಎಂದು ಗೊತ್ತೇ ಆಗದಷ್ಟು ನುಣುಪು. "ಕುರಡಗಿಗೆ ತಳದ್ದು ಬೇಕು, ಇದಕ್ಕ ಮ್ಯಾಲಿಂದು ಬೇಕು. ಅಷ್ಟ ಫರಕು" ಎಂದಳು. ಆ ಬೋಗುಣಿಗಳು ಮತ್ತೆ ಅಡುಗೆಗೆ ಬರಬಾರದೆಂದು ಮೂರಕ್ಕೂ ಕೊರಳಿಗೆ ಕೆಂಪು ದಾರ ಕಟ್ಟಿದಳು.

ಹೀಗೆ ಎಂಜಿನ್ನು ಅವ್ವನ ಕೈಗೆ ಬಂತು. ಅಪ್ಪ ಉಳಿದ ಭಾಗಗಳನ್ನು ಅರದಿಂದ ಉಜ್ಜುತ್ತ, ತೂತು ಕೊರೆಯುತ್ತ, ಮೂಲೆಯಲ್ಲಿ ಕೂತಿರುತ್ತಿದ್ದರು. ಅವ್ವ ಅಡುಗೆ ಮುಗಿಸಿ, ಉಗುರಿನ ಸಂದಿಯ ಹಿಟ್ಟನ್ನು ತೊಳೆದು, ಗೋಡೆಗೆ ಒರಗಿ ಕೂತು ಕೋಲು ತಿರುವುತ್ತಿದ್ದಳು. ಮುಂಗೈ ಮಾತ್ರ ಆಡುತ್ತಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನ ಉಂಡೆ ತಾನೇ ತಿರುಗುತ್ತದಲ್ಲ, ಹಾಗೆ ಸಿಲಿಂಡರ್ ಅವಳ ಎಡಗೈಯಲ್ಲಿ ತಿರುಗುತ್ತಿತ್ತು. ವಿಮಾನ ಬಂದರೆ ನಿಲ್ಲಿಸುತ್ತಿದ್ದಳು, ಯಾಕೆಂದರೆ ಅವಳು ಕೆಲಸವನ್ನು ಕಿವಿಯಿಂದ ಮಾಡುತ್ತಿದ್ದಳು. ಪುಡಿ ಕಡಿಯುವಾಗ ಒಂದು ಸದ್ದು, ಮೊಂಡಾಗಿ ಸತ್ತಾಗ ಇನ್ನೊಂದು ಸದ್ದು. ವಾರಕ್ಕೊಮ್ಮೆ ಪರೀಕ್ಷೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನು ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಂಡರಿನ ಕೆಳಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮೇಲಿನಿಂದ ಪಿಸ್ಟನ್ ಬಿಡುವುದು. ಗಾಳಿಗೆ ಹೋಗಲು ದಾರಿಯಿಲ್ಲದಿದ್ದರೆ ಪಿಸ್ಟನ್ ಆ ಗಾಳಿಯ ಮೇಲೆ ಕೂತು ತಡೆತಡೆದು ಇಳಿಯಬೇಕು. ಎಷ್ಟು ಹೊತ್ತು ಇಳಿಯಿತೆಂದು ಎಣಿಸುವುದು ನನ್ನ ಪಾಲು. ಮೊದಲ ವಾರ ಎರಡು ಎಣಿಸುವಷ್ಟರಲ್ಲಿ ತಳ ಮುಟ್ಟಿತು. ಮಳೆಗಾಲಕ್ಕೆ ಒಂಬತ್ತು. ಎರಡು ವರ್ಷ ಕಳೆದು ಬಂದ ಬೇಸಿಗೆಯಲ್ಲಿ, ಮತ್ತೆ ಗೋಧಿ ನೆನೆದ ವಾಸನೆಯಿದ್ದ ಒಂದು ಮಧ್ಯಾಹ್ನ, ನಾನು ಇಪ್ಪತ್ತೇಳರವರೆಗೆ ಎಣಿಸಿದೆ. ಹೆಬ್ಬೆರಳು ತೆಗೆದ ಕೂಡಲೇ ಪಿಸ್ಟನ್ ಅವ್ವನ ಮಡಿಲಿಗೆ ಜಾರಿತು.

"ಇನ್ನ ಸಾಕು" ಎಂದಳು.

"ಇನ್ನೊಂದ್ ಸ್ವಲ್ಪ ತಿಕ್ಕಿದ್ರ ಮೂವತ್ತಾಗತೈತೇನೊ" ಎಂದರು ಅಪ್ಪ.

"ಇನ್ನೊಂದ್ ಸ್ವಲ್ಪ ತಿಕ್ಕಿದ್ರ ಹೋಗತೈತಿ. ನಿಲ್ಲಸಾಕ ಬರಬೇಕ್ರಿ."

ಅಂದು ಅವಳು ಎರಡನ್ನೂ ಏಳು ಸಲ ತೊಳೆದಳು. ಪುಡಿಯ ಒಂದು ಕಣ ಒಳಗುಳಿದರೂ ಎಂಜಿನ್ ತಿರುಗುತ್ತ ತಿರುಗುತ್ತ ತನ್ನನ್ನು ತಾನೇ ತಿಂದುಕೊಳ್ಳುತ್ತದೆ ಎಂದು ನನಗೆ ತಿಳಿಸಿ ಹೇಳಿದಳು. ಈ ಮಾತನ್ನು ದಯವಿಟ್ಟು ನೆನಪಿಡಿ.

ಎಂಜಿನ್ನು ಮೊದಲ ಸಲ ತಿರುಗಿದ ದಿನ ಯೂಸುಫ್ ಚಾಚಾ ಬಂದಿದ್ದರು. ಅಪ್ಪ ಸ್ಪಿರಿಟ್ ದೀಪ ಹಚ್ಚಿದರು. ನಾವೆಲ್ಲ ಸುತ್ತ ಕೂತು ಕಾದೆವು. ಈ ಎಂಜಿನ್ನಿಗೆ ಕಾದ ಮೇಲೆ ಒಂದು ಸಣ್ಣ ತಳ್ಳು ಬೇಕು. ಅಪ್ಪ ಅವ್ವನ ಕಡೆ ನೋಡಿದರು. ಅವಳು ತೋರುಬೆರಳಿನಿಂದ ಗಾಲಿಯನ್ನು ಮುಟ್ಟಿದಳು, ಮಗುವಿನ ಗಲ್ಲ ಮುಟ್ಟಿದ ಹಾಗೆ. ಗಾಲಿ ಅನುಮಾನಿಸಿತು, ಆಮೇಲೆ ಹಿಡಿಯಿತು. ಸದ್ದು ಎಂದರೆ ಸದ್ದೇ ಇಲ್ಲ, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದಂತೆ ಮೆಲ್ಲಗೆ ಒಂದು ಚಿಕ್ ಚಿಕ್. ದೀಪದ ನೀಲಿ ಉರಿ, ಹಿತ್ತಾಳೆಯ ಹೊಳಪು. ಕೊನೆಗೆ ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡು, "ಭಾಭಿ ಕಾ ಹಾತ್ ಹೈ ಯೇ. ಅಪನ್ ಲೋಗಾಂ ಖಾಲಿ ಲೋಹಾ ಕಾಟೇ" ಎಂದರು. ಇದು ಅತ್ತಿಗೆಯ ಕೈ, ನಾವು ಬರೀ ಕಬ್ಬಿಣ ಕತ್ತರಿಸಿದವರು ಎಂದು. ಆ ಮಾತನ್ನು ಗಟ್ಟಿಯಾಗಿ ಹೇಳಿದವರು ಅವರೊಬ್ಬರೇ.

ಈಗ ಗೇಟಿನ ವಿಷಯ. ಕಾರ್ಖಾನೆಯ ಗೇಟಿನಲ್ಲಿ ಒಂದು ಪುಸ್ತಕವಿತ್ತು. ನೌಕರರು ತಮ್ಮ ಸ್ವಂತದ ಯಾವ ವಸ್ತುವನ್ನು ಒಳಗೆ ಒಯ್ದರೂ, ಅಳತೆಯ ಉಪಕರಣವಿರಲಿ, ಛತ್ರಿಯೇ ಇರಲಿ, ಅದರಲ್ಲಿ ಬರೆಸಬೇಕು. ಬರೆಸಿದ್ದು ಮಾತ್ರ ಹೊರಗೆ ಬರುತ್ತದೆ. ಬರೆಸದೆ ಒಳಹೋದದ್ದು ಕಾರ್ಖಾನೆಯದಾಗುತ್ತದೆ. ಅಪ್ಪ ಈ ನಿಯಮವನ್ನು ಇಪ್ಪತ್ತು ವರ್ಷ ಪಾಲಿಸಿದವರು, ಹೊಸಬರಿಗೆ ಹೇಳಿಕೊಟ್ಟವರು. ಆ ವರ್ಷದ ಆಯುಧ ಪೂಜೆಗೆ ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದರು. ಕುಟುಂಬದವರನ್ನು ಒಳಗೆ ಬಿಡುತ್ತಿದ್ದ ದಿನ ಅದೊಂದೇ. ಅವ್ವ ಪೂಜೆಯ ತಾಟು ಹಿಡಿದಿದ್ದಳು, ನಾನು ಹೂವಿನ ಪೊಟ್ಟಣ. ಗೇಟಿನಲ್ಲಿದ್ದವನು ರಾಜಯ್ಯ, ಪರಿಚಯದವನು. ಟವೆಲು ಸರಿಸಿ ನೋಡಿ ಕಣ್ಣರಳಿಸಿ, ಪುಸ್ತಕದ ಕಡೆ ಕೈಚಾಚಿದ ಅಪ್ಪನಿಗೆ, "ಪೂಜಕೇ ಕದಾ ಅನ್ನಾ, ಪೋಂಡಿ" ಎಂದ. ಪೂಜೆಗೇ ತಾನೆ, ಹೋಗಿ ಎಂದು. ಅಪ್ಪ ಕೈ ಹಿಂದೆಳೆದುಕೊಂಡರು. ದೇವರ ಮುಂದಿಡುವ ವಸ್ತುವನ್ನು ಲೆಕ್ಕಕ್ಕೆ ಬರೆಸುವುದು ಚೆನ್ನಲ್ಲ ಎನ್ನಿಸಿತಂತೆ. ಇದನ್ನು ನಾನು ಕಂಡೆ. ಆ ಕೈ ಪುಸ್ತಕದಿಂದ ಒಂದು ಗೇಣು ದೂರದಲ್ಲಿತ್ತು.

ಪೂಜೆಯಾದ ಮೇಲೆ ದೊಡ್ಡ ಸಾಹೇಬರು ಬಂದರು. ಆ ವರ್ಷವೇ ಬಂದ ಹೊಸಬರು. ಸೆಂಟಿನ ವಾಸನೆ, ಸಣ್ಣ ದನಿ. ಎಂಜಿನ್ನನ್ನು ಕಂಡು ಬಗ್ಗಿ, ದೀಪವಿಲ್ಲದೆಯೇ ಗಾಲಿಯನ್ನು ಬೆರಳಿನಿಂದ ಗಿರಗಿರ ತಿರುಗಿಸಿದರು. "ಬರೇ ತಿರುವಬ್ಯಾಡ್ರಿ" ಎಂದು ಅವ್ವ ಬಾಯೊಳಗೇ ಹೇಳಿದ್ದು ನನಗೆ ಮಾತ್ರ ಕೇಳಿತು. ಯಾರು ಮಾಡಿದ್ದು ಎಂದು ಸಾಹೇಬರು ಕೇಳಿದರು. ಅವ್ವ ಅಪ್ಪನ ಬೆನ್ನ ಹಿಂದೆ ಎರಡೇ ಹೆಜ್ಜೆ ದೂರ ನಿಂತಿದ್ದಳು. ಅಪ್ಪ ಹಿಂತಿರುಗಿ ನೋಡಲಿಲ್ಲ. "ನಾನೇ ಸರ್" ಎಂದರು. ಆಮೇಲೆ, ಅಷ್ಟು ಸಾಲದೆಂಬಂತೆ, "ನಮ್ಮ ಸೆಕ್ಷನ್ ಸರ್" ಎಂದು ಸೇರಿಸಿದರು. ಸಾಹೇಬರು ಅವರ ಬೆನ್ನು ತಟ್ಟಿ, ಒಂದು ವಾರ ನನ್ನ ಕೋಣೆಯಲ್ಲಿರಲಿ, ಬಂದವರು ನೋಡಲಿ ಎಂದರು. ಇಲ್ಲ ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವಾರ ಎರಡಾಯಿತು, ಆರಾಯಿತು. ಅಪ್ಪ ಸಂಜೆ ಸೈಕಲ್ ಒರಗಿಸುವಾಗ ಅವ್ವ ಕ್ಯಾರಿಯರ್ ನೋಡುತ್ತಿದ್ದಳು. "ತಂದ್ರಿ?" ಎಂದು ಮೊದಮೊದಲು ಕೇಳುತ್ತಿದ್ದಳು, ಆಮೇಲೆ ಬರೀ ನೋಡುತ್ತಿದ್ದಳು. ಆ ಹೊತ್ತಿಗೆ ಕಾರ್ಖಾನೆಯ ಬೇಲಿಯಾಚೆಯ ಖಾಲಿ ಜಾಗದಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಗಾಜಿನ ಕಟ್ಟಡ ಏಳುತ್ತಿತ್ತು. ಜಾಗ ಕೊಟ್ಟದ್ದು ಕಾರ್ಖಾನೆಯೇ. ಟೂಲ್ ರೂಮು ಇನ್ನು ಬೇಕಿಲ್ಲ, ವಯಸ್ಸಾದವರು ತಾವಾಗಿಯೇ ಬಿಡಬಹುದು ಎಂಬ ನೋಟೀಸುಗಳು ಹಲಗೆಯ ಮೇಲೆ ಬೀಳತೊಡಗಿದ್ದವು. ಒಂದು ಸಂಜೆ ಅಪ್ಪ ಬಂದು ಚಪ್ಪಲಿ ಬಿಡದೆ ಪಡಸಾಲೆಯ ಕಟ್ಟೆಯ ಮೇಲೆ ಕೂತರು. ಎಂಜಿನ್ನನ್ನು ಗಾಜಿನ ಕಟ್ಟಡದವರಿಗೆ ಕಾರ್ಖಾನೆಯ ಕಾಣಿಕೆಯಾಗಿ ಕೊಡುತ್ತಾರಂತೆ. ಅದು ಕಾರ್ಖಾನೆಯ ತರಬೇತಿಯಲ್ಲಿ, ಕಾರ್ಖಾನೆಯ ಸಾಮಾನಿನಿಂದ ಆದದ್ದು ಎಂಬ ಕಾಗದಕ್ಕೆ ಅಪ್ಪ ಸಹಿ ಹಾಕಿ ಬಂದಿದ್ದರು.

"ಸಹಿ ಯಾಕ ಹಾಕಿದ್ರಿ?" ಅವ್ವನ ದನಿ ಏರಲಿಲ್ಲ.

"ಒಳಗ ಹೋಗೂವಾಗ ಬರಿಸಿಲ್ಲ. ಈಗ ನಂದು ಅಂದ್ರ, ಹೆಂಗ ಒಳಗ ಬಂತು ಅಂತಾರ. ರಾಜಯ್ಯನ ಕೆಲಸ ಹೋಗತೈತಿ. ಸಾಮಾನು ಎಲ್ಲಿಂದ ಬಂತು ಅಂತ ನನ್ನೂ ಕೇಳತಾರ."

"ಪೆಟ್ಟಿಗಿ ಐತೆಲ್ಲ ಮನ್ಯಾಗ. ನಕಾಶೆ ಐತಿ. ಒಯ್ದು ತೋರಸ್ರಿ."

"ಸಾಹೇಬರ ಮುಂದ ಪೆಟ್ಟಿಗಿ ಹೊತಗೊಂಡು ನಿಂದರ‍್ಲೇನು ನಾನು?"

"ಹಂಗಾರ ನನ್ನ ಎರಡು ವರ್ಷದ ಕೈ?"

ವಿಮಾನ ಬಂತು. ಹಾದುಹೋಯಿತು. ಅಪ್ಪ ಬಿಟ್ಟ ಶಬ್ದದಿಂದ ಮಾತು ಮುಂದುವರಿಸಲಿಲ್ಲ. ನಾನು ಅವರ ಪರವಾಗಿ ಹೇಳಬಹುದಾದದ್ದನ್ನೂ ಹೇಳಬೇಕು. ರಾಜಯ್ಯನಿಗೆ ಮೂರು ಹೆಣ್ಣುಮಕ್ಕಳಿದ್ದರು. ನೋಟೀಸಿನ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹೆದರುವುದಕ್ಕೆ ಕಾರಣವಿತ್ತು. ಆದರೆ ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಕೊಟ್ಟ ಎಂಜಿನಿಯರರು ಬದುಕಿದ್ದರು, ಒಂದು ಕಾಗದ ಬರೆದಿದ್ದರೆ ಉತ್ತರ ಬರುತ್ತಿತ್ತು. ಇದನ್ನು ನಾನು ಎಷ್ಟು ಸಲ ತೂಗಿ ನೋಡಿದರೂ ತಕ್ಕಡಿ ಒಂದೇ ಕಡೆ ವಾಲುತ್ತದೆ.

ಉದ್ಘಾಟನೆಯ ದಿನ ಕಾಲೊನಿಯ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ನನಗೆ ಹನ್ನೊಂದು ವರ್ಷ. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಎಂಜಿನ್ನು ಬಂತು, ಪೀಠಕ್ಕೆ ಹೊಳೆಯುವ ಒಂದು ಫಲಕ, ಅದರ ಮೇಲೆ ಕಾರ್ಖಾನೆಯ ಹೆಸರು, ಕಂಪನಿಯ ಹೆಸರು. ಅಪ್ಪನ ಹೆಸರೂ ಇರಲಿಲ್ಲ. ನಿನ್ನೆಯ ಕೈಗಳಿಂದ ನಾಳೆಯ ಕೈಗಳಿಗೆ ಎಂದೇನೋ ಸಾಹೇಬರು ಭಾಷಣದಲ್ಲಿ ಹೇಳಿದರು. ಟೀಚರು ಕಣ್ಸನ್ನೆ ಮಾಡಿದರು. ನಾನು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ, ಯಾಕೆಂದರೆ ಅದು ನಮ್ಮದು ಎಂದು ನನಗೊಬ್ಬಳಿಗೇ ಗೊತ್ತಿತ್ತು, ಆ ಗುಟ್ಟು ನನಗೆ ಹೆಮ್ಮೆ ತಂದಿತ್ತು. ಮನೆಗೆ ಬಂದು ಅವರು ಕೊಟ್ಟ ಸಿಹಿಯ ಪೊಟ್ಟಣವನ್ನು ಅವ್ವನ ಮುಂದಿಟ್ಟೆ. ಅವಳು ಅದನ್ನು ಬಿಚ್ಚದೆ ಕಿಟಕಿಯ ಮೇಲಿಟ್ಟಳು. ಇರುವೆ ಬಂದವು. ಸಿಟ್ಟಿನ ಪಾಲುಗಳಲ್ಲಿ ಒಂದು ನನ್ನದು ಎಂದು ಆ ಇರುವೆಸಾಲು ನನಗೆ ಈಗಲೂ ತೋರಿಸುತ್ತದೆ.

ಎರಡು ವರ್ಷದ ಮೇಲೆ ಅವ್ವ ಅದನ್ನು ನೋಡಲು ಹೊರಟಳು. ಅಪ್ಪನಿಗೆ ಹೇಳಲಿಲ್ಲ. ಹೊಸ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಗಾಜಿನ ಬಾಗಿಲಿಗೆ ಹೋದಳು. ಕಾವಲಿನವನು ಚೀಟಿ ಬರೆದು ಒಳಗೆ ಬಿಟ್ಟ. ಒಳಗೆ ತಣ್ಣಗಿತ್ತು, ಯಾವ ವಾಸನೆಯೂ ಇರಲಿಲ್ಲ. ನಡುವೆ ನಮ್ಮ ಎಂಜಿನ್ನು ತಿರುಗುತ್ತಿತ್ತು. ಗಾಜಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದರು. ಅವ್ವ ಮೊದಲು ಬಗ್ಗಿ ದೀಪ ಹುಡುಕಿದಳು. ದೀಪವಿರಲಿಲ್ಲ. ಅಂಥ ಕಟ್ಟಡದಲ್ಲಿ ಬೆಂಕಿ ಹಚ್ಚುವಂತಿಲ್ಲವಲ್ಲ. ಪೀಠದ ಕೆಳಗಿನಿಂದ ಕರಿಯ ತಂತಿಯೊಂದು ಹೊರಟು ಗೋಡೆಗೆ ಹೋಗಿತ್ತು. ಕೆಳಗೆ ಬಚ್ಚಿಟ್ಟ ಕರೆಂಟಿನ ಮೋಟರು ಗಾಲಿಯನ್ನು ತಿರುಗಿಸುತ್ತಿತ್ತು, ಗಾಲಿ ಪಿಸ್ಟನ್ನನ್ನು ಎಳೆದಾಡುತ್ತಿತ್ತು. ಎಂಜಿನ್ನು ಯಾರೋ ಹಿಡಿದು ಆಡಿಸಿದ ಹೆಣದಂತೆ ಆಡುತ್ತಿತ್ತು. ಹಗಲೂ ರಾತ್ರಿಯೂ, ಎರಡು ವರ್ಷ.

ಅಲ್ಲೇ ಮಂಡಿಯೂರಿ ಒಬ್ಬ ಹೆಂಗಸು ಬಟ್ಟೆಗೆ ಬಿಳಿಯ ಪಾಲಿಶ್ ಹಚ್ಚಿಕೊಂಡು ಹಿತ್ತಾಳೆಯನ್ನು ತಿಕ್ಕುತ್ತಿದ್ದಳು. ತಿಕ್ಕುವಾಗ ಪಾಲಿಶ್ ಸಿಲಿಂಡರಿನ ತೆರೆದ ಬಾಯಿಗೂ ಬೀಳುತ್ತಿತ್ತು. ಒಳಗೆ ಹೋಗಿ ಬರುವ ಪಿಸ್ಟನ್ ಅದನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಅವ್ವ ಅವಳ ಪಕ್ಕದಲ್ಲೇ ಕೂತಳು.

"ಯಾವೂರು ತಂಗಿ?"

ಕನ್ನಡ ಕೇಳಿ ಅವಳ ಮುಖ ಅರಳಿತು. "ಲಿಂಗಸೂಗೂರ ಕಡೀಗ್ರಿ ಅಕ್ಕಾ. ನೀವೂ ನಮ್ಮ ಕಡೀಯವರೇನ್ರಿ?"

"ದಿನಾ ಹಚ್ಚತೀಯಾ ಇದನ್ನ?"

"ಎರಡ ಹೊತ್ತು ಹಚ್ಚತೀನ್ರಿ. ಭಾಳ ಹೊಳೀಬೇಕಂತ ಹೇಳ್ಯಾರ‍್ರಿ. ನೋಡ್ರಿ, ಮಾರಿ ಕಾಣತೈತಿ."

ಅವ್ವ ತಲೆ ವಾಲಿಸಿ ಎಂಜಿನ್ನಿಗೆ ಕಿವಿಗೊಟ್ಟಳು. ಹಲ್ಲಿಯ ಚಿಕ್ ಚಿಕ್ ಹೋಗಿ ಟಕ ಟಕ ಎಂಬ ಸಡಿಲ ಸದ್ದಾಗಿತ್ತು. ಹಿತ್ತಾಳೆ ಹೊಳೆಸುವ ಪಾಲಿಶಿನಲ್ಲಿ ಇರುವುದು ಏನು? ನುಣ್ಣನೆಯ ಪುಡಿ. ಅವ್ವ ಮೂರು ಬೋಗುಣಿಯಲ್ಲಿ ಇಳಿಸಿ, ಎರಡು ವರ್ಷ ತಿಕ್ಕಿ, 'ಇನ್ನ ಸಾಕು' ಎಂದು ನಿಲ್ಲಿಸಿ ಏಳು ಸಲ ತೊಳೆದ ಕೆಲಸವನ್ನು ಇವರು ದಿನಕ್ಕೆ ಎರಡು ಹೊತ್ತು ಪುಡಿ ಹಾಕಿ ಮುಂದುವರಿಸಿದ್ದರು. ನಿಲ್ಲಿಸಬೇಕೆಂದು ಗೊತ್ತಿದ್ದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಅವ್ವ ಎದ್ದು ಮೇಜಿನ ಹಿಂದಿನ ಹುಡುಗಿಯ ಬಳಿಗೆ ಹೋಗಿ ತನಗೆ ಬರುವ ಹಿಂದಿಯಲ್ಲಿ, ಇದನ್ನು ಬಂದ್ ಮಾಡಿಸಿ, ಸವೆಯುತ್ತಿದೆ ಎಂದಳು. ಹುಡುಗಿ ನಯವಾಗಿಯೇ ಕೇಳಿದಳು: "ಆಪ್ ಕೌನ್, ಆಂಟಿ?"

ಯಾರು ನೀವು. ಅವ್ವ ಫಲಕವನ್ನು ನೋಡಿದಳು. ನನ್ನ ಕೈ ಹಿಡಿದುಕೊಂಡು ಹೊರಗೆ ಬಂದಳು. ಆ ಪ್ರಶ್ನೆಗೆ ಉತ್ತರವನ್ನು ಅಪ್ಪ ಎರಡು ಹೆಜ್ಜೆ ಮುಂದೆ ನಿಂತು ಎಂದೋ ಕೊಟ್ಟುಬಿಟ್ಟಿದ್ದರು.

ಆಮೇಲಿನದು ಬೇಗ ಹೇಳಿ ಮುಗಿಯುತ್ತದೆ. ಟೂಲ್ ರೂಮು ಮುಚ್ಚಿತು. ಅಪ್ಪ ಮನೆಯಲ್ಲಿ ಕೂತರು. ಪಡಸಾಲೆಯ ಮೇಜಿನ ಮೇಲೆ ಅವರು ಮತ್ತೆ ಏನನ್ನೂ ಮಾಡಲಿಲ್ಲ, ಅವ್ವ ಮಾಡಿ ಎನ್ನಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬೇಕಾದ್ದನ್ನೆಲ್ಲ ಮಾಡಿಕೊಡುತ್ತಿದ್ದರು, ಮಾತ್ರೆ, ಬಿಸಿನೀರು, ಊಟ. ಎಂಜಿನ್ನಿನ ಹೆಸರೆತ್ತುತ್ತಿರಲಿಲ್ಲ. ವಿಮಾನ ನಿಲ್ದಾಣ ಶಂಶಾಬಾದಿಗೆ ಹೋದ ಮೇಲೆ ನಮ್ಮ ಆಕಾಶ ಖಾಲಿಯಾಯಿತು. ಮಾತು ನಿಲ್ಲಿಸಲು ನೆಪವಿಲ್ಲದೆಯೂ ಆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡರು. ಕ್ವಾರ್ಟರ್ಸು ಬಿಟ್ಟು ನಾನೂ ಅವ್ವನೂ ಬಾಡಿಗೆ ಮನೆಗೆ ಬಂದೆವು. ಅವಳು ತಂದ ಸಾಮಾನಿನಲ್ಲಿ ಕೆಂಪು ದಾರದ ಮೂರು ಬೋಗುಣಿಗಳಿದ್ದವು.

ಗಾಜಿನ ಕಟ್ಟಡದ ಕಂಪನಿ ಇನ್ನೂ ದೊಡ್ಡ ಗಾಜಿನ ಕಟ್ಟಡಕ್ಕೆ ಹೋಯಿತು. ಹೋಗುವಾಗ ಬೇಡದ್ದನ್ನು ಗುಜರಿಗೆ ಹಾಕಿತು. ಒಂದು ದಿನ ಯೂಸುಫ್ ಚಾಚಾ, ಬೆನ್ನು ಬಾಗಿ ಕೋಲು ಹಿಡಿದು, ಉರ್ದು ಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಅವ್ವನ ಮುಂದಿಟ್ಟರು. ಶೆಡ್ಡಿಗೆ ಬಂದ ಗುಜರಿಯ ರಾಶಿಯಲ್ಲಿ ತಾವು ಕೊರೆದ ಸಿಲಿಂಡರನ್ನು ಗುರುತು ಹಿಡಿದಿದ್ದರು. ಗಾಲಿಯಿರಲಿಲ್ಲ, ಪೀಠವಿರಲಿಲ್ಲ. ಸಿಲಿಂಡರೂ ಪಿಸ್ಟನ್ನೂ ಇದ್ದವು.

ಅವ್ವ ಸೀಮೆಎಣ್ಣೆ ಕೇಳಿದಳು. ಈಗ ಎಲ್ಲಿ ಸಿಗುತ್ತದೆ. ಬಿಸಿನೀರಿನಲ್ಲಿ ಸಾಬೂನು ಹಾಕಿ ಕೊಟ್ಟೆ. ತೊಳೆದಳು, ತನ್ನ ಸೆರಗಿನಲ್ಲೇ ಒರೆಸಿದಳು. ಗೋಡೆಗೆ ಒರಗಿ ಕೂತು, ಗಂಟುಬಿದ್ದ ಹೆಬ್ಬೆರಳಿನಿಂದ ಸಿಲಿಂಡರಿನ ಕೆಳಬಾಯಿಯನ್ನು ಮುಚ್ಚಿದಳು. ಬಾಯಿ ಪೂರ್ತಿ ಮುಚ್ಚಿತ್ತು. ಅದನ್ನು ನಾನು ಬಗ್ಗಿ ನೋಡಿ ಖಚಿತಪಡಿಸಿಕೊಂಡೆ.

"ಎಣಸು" ಎಂದಳು.

ಪಿಸ್ಟನ್ ಬಿಟ್ಟಳು. 'ಒಂದು' ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅದು ಅವಳ ಹೆಬ್ಬೆರಳಿಗೆ ಟಕ್ಕನೆ ಬಡಿದಿತ್ತು.

ಚಾಚಾ ಮುಖ ಆಚೆ ತಿರುಗಿಸಿದರು. "ಪುಣ್ಯಕ್ಕ ಅವರು ನೋಡಲಿಲ್ಲ" ಎಂದಳು ಅವ್ವ. ನಾನು ಹೂಂಗುಟ್ಟಲಿಲ್ಲ. ಅಪ್ಪ ನೋಡಬೇಕಾಗಿತ್ತು. ಸಾಹೇಬರು ನೋಡಬೇಕಾಗಿತ್ತು. ಆ ಸದ್ದನ್ನು ಅವರೆಲ್ಲರ ಕಿವಿಯಲ್ಲಿ ಬಿಡಬೇಕಾಗಿತ್ತು.

ಈಗ ಅವ್ವನೂ ಇಲ್ಲ. ಅವಳ ಸಾಮಾನು ತೆಗೆಯುವಾಗ ಮೂರನೆಯ ಬೋಗುಣಿಯೊಳಗೆ ಒಂದು ಸಣ್ಣ ಗಾಜಿನ ಸೀಸೆ ಸಿಕ್ಕಿತು. ತಳದಲ್ಲಿ ಒಣಗಿ ಬಿರುಕುಬಿಟ್ಟ ಕಪ್ಪು ಪದರ, ಅವಳು ಇಳಿಸಿಟ್ಟ ಎಮರಿಯಲ್ಲಿ ಉಳಿದದ್ದು. ಮೆಟ್ಟಿಲಲ್ಲಿ ಗೋಧಿಯ ವಾಸನೆ ಬಂದ ದಿನ ಮನೆಗೆ ಬಂದು, ತರಕಾರಿ ಚೀಲ ಕೆಳಗಿಟ್ಟು, ಆ ಸೀಸೆಗೆ ನೀರು ತುಂಬಿ ಅಲ್ಲಾಡಿಸಿದೆ. ಹಾಗೆಯೇ ಇವತ್ತು ಬೆಳಿಗ್ಗೆ ಬರೆಯಲು ಕೂರುವ ಮುಂಚೆ ಮತ್ತೊಮ್ಮೆ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಈಗ ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿದೆ. ದಪ್ಪದ್ದು ಅದರಲ್ಲಿ ಇಲ್ಲ, ದಪ್ಪದ್ದನ್ನೆಲ್ಲ ಅವಳು ಮೊದಲೆರಡು ಬೋಗುಣಿಗಳಲ್ಲೇ ಬಿಟ್ಟಿದ್ದಳು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನೀರು ಇನ್ನೂ ತಿಳಿಯಾಗಿಲ್ಲ, ಆಚೆಯ ಕಿಟಕಿ ಕಾಣುತ್ತಿಲ್ಲ.